ಸಣ್ಣ ಆಫೀಸಿಗೆ ಯಾವ ರೆಂಡರಿಂಗ್ ಸಾಫ್ಟ್‌ವೇರ್ ತಗೊಳ್ಳೋದು? ಸ್ಕೆಚ್‌ಅಪ್ ಬಳಸೋರು ಸ್ವಲ್ಪ ಹೇಳಿ

ಒಂಟಿಕೊಪ್ಪಲ್ ಡ್ರಾಫ್ಟ್

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ನಮ್ಮದು ಮೂರು ಜನರ ಆಫೀಸು. ಜಾಸ್ತಿ ಬರೋದು 30x40, 40x60 ಸೈಟಿನ ಮನೆಗಳೇ, ಮಧ್ಯೆ ಮಧ್ಯೆ ಒಂದು ಕ್ಲಿನಿಕ್ಕೋ ಸಣ್ಣ ಹೋಟ್ಲೋ. ಪ್ಲಾನ್ ಆಟೋಕ್ಯಾಡಲ್ಲಿ, 3ಡಿ ಸ್ಕೆಚ್‌ಅಪ್‌ನಲ್ಲಿ. ವ್ಯೂಗಳನ್ನ (ಕಟ್ಟಿದ್ಮೇಲೆ ಮನೆ ಹೇಗೆ ಕಾಣತ್ತೆ ಅನ್ನೋ ಫೋಟೋ ತರದ ಇಮೇಜು, ಅದನ್ನ ಮಾಡೋದೇ ರೆಂಡರಿಂಗ್) ಇಲ್ಲೀತನಕ ಹೊರಗೆ ಕೊಟ್ಟು ಮಾಡಿಸ್ತಿದ್ವಿ, ಒಂದು ವ್ಯೂಗೆ ಇಷ್ಟು ಅಂತ, ಆದ್ರೆ ಕ್ಲೈಂಟು ಗ್ರಿಲ್ ಡಿಸೈನ್ ಚೇಂಜ್ ಮಾಡಿ, ಪೋರ್ಟಿಕೋ ಕಂಬ ದಪ್ಪ ಆಯ್ತು ಅಂದಾಗೆಲ್ಲ ಮತ್ತೆ ಕಾಯ್ಬೇಕು, ಮತ್ತೆ ದುಡ್ಡು ಕೊಡ್ಬೇಕು, ಅದಕ್ಕೆ ಆಫೀಸಲ್ಲೇ ಮಾಡ್ಕೊಳ್ಳೋಣ ಅಂತ ಯೋಚನೆ.

ವಿ-ರೇ ತಗೊಳ್ಳೋದಾ ಲುಮಿಯನ್ ತಗೊಳ್ಳೋದಾ ಅನ್ನೋದು ಪ್ರಶ್ನೆ. ಫ್ರೆಂಡ್ ಒಬ್ರು ಡಿ5 ಅಂತಾರೆ, ನಮ್ಮ ಜೂನಿಯರ್ ಹುಡುಗಿ ಬ್ಲೆಂಡರ್ ಕಲೀತೀನಿ ಸಾರ್ ಫ್ರೀ ಅಂತಾಳೆ. ಯೂಟ್ಯೂಬ್ ನೋಡಿದ್ರೆ ಪ್ರತಿಯೊಬ್ಬನೂ ತಾನು ಬಳಸೋದೇ ಬೆಸ್ಟು ಅಂತಾನೆ. ಈಗಿರೋ ಮಶೀನು ಹಳೇ ಐ7, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1650 4 ಜಿಬಿ ಕಾರ್ಡು. ಒಬ್ರ ಹತ್ರ ಎಂ1 ಮ್ಯಾಕ್‌ಬುಕ್. ಹೊಸ ಮಶೀನಿಗೆ ಒಂದೂಕಾಲು ಲಕ್ಷ ತನಕ ಹಾಕಬಹುದು. ಸಾಫ್ಟ್‌ವೇರ್‌ಗೆ ವರ್ಷಕ್ಕೆ ಬಾಡಿಗೆ ಕಟ್ಟೋಕೂ ರೆಡಿ, ಅದು ದುಡಿದು ಕೊಡೋ ಹಾಗಿದ್ರೆ.

ಬಕೆಟ್ ಬಾಬಣ್ಣ

ಸಾರ್ ನಾನು ಬೆಂಗಳೂರಲ್ಲಿ ಇದೇ ಕೆಲಸ ಮಾಡ್ಕೊಂಡು ಬಂದಿರೋನು, ಮೆಂಟಲ್ ರೇ ಅನ್ನೋ ಹಳೇ ರೆಂಡರರ್ ಕಾಲದಿಂದ. ಯಾವುದು ಬೆಸ್ಟು ಅಂತ ಕೇಳಿದ್ರೆ ಈ ಥ್ರೆಡ್ಡು ಮುಗಿಯಲ್ಲ. ಮೊದ್ಲು ಎರಡು ವಿಷಯ ಹೇಳಿ. ಒಂದು ಮನೆಗೆ ಕ್ಲೈಂಟು ಸರಾಸರಿ ಎಷ್ಟು ಸಲ ಚೇಂಜ್ ಕೇಳ್ತಾರೆ? ಕೊನೇಗೆ ಅವರ ಕೈಗೆ ಕೊಡೋದೇನು, ವಾಟ್ಸಾಪಲ್ಲಿ ಕಳ್ಸೋ ನಾಲ್ಕು ಇಮೇಜಾ, ಎ3 ಪ್ರಿಂಟಾ, ವಾಕ್‌ಥ್ರೂ ವಿಡಿಯೋನಾ?

ಯಾಕೆ ಕೇಳ್ತೀನಿ ಅಂದ್ರೆ ಇವುಗಳಲ್ಲಿ ಜಾತಿ ಎರಡು. ಒಂದು ನಿಧಾನವಾಗಿ ಬೆಳಕಿನ ಒಂದೊಂದು ಕಿರಣ ಎಲ್ಲೆಲ್ಲಿ ಬಡಿದು ಹೋಗತ್ತೆ ಅಂತ ಲೆಕ್ಕ ಹಾಕೋದು, ವಿ-ರೇ, ಕೊರೋನಾ, ಬ್ಲೆಂಡರಿನ ಸೈಕಲ್ಸ್ ಎಲ್ಲ ಇದೇ. ಇನ್ನೊಂದು ಗೇಮ್ ತರ ತಕ್ಷಣ ಓಡೋದು, ಲುಮಿಯನ್, ಟ್ವಿನ್‌ಮೋಷನ್, ಎನ್‌ಸ್ಕೇಪ್, ಡಿ5. ಈಗ ಗೆರೆ ಅಳಿಸ್ತಾ ಇದೆ ನಿಜ, ಲುಮಿಯನ್ ಕೂಡ 2023ರ ಆವೃತ್ತಿಯಿಂದ ರೇ ಟ್ರೇಸಿಂಗ್ ಕೊಟ್ಟಿದೆ, ಟ್ವಿನ್‌ಮೋಷನ್‌ನಲ್ಲಿ ಪಾತ್ ಟ್ರೇಸರ್ ಇದೆ, ಎರಡೂ ಅದೇ ಕಿರಣದ ಲೆಕ್ಕ. ಆದ್ರೂ ಸ್ವಭಾವ ಬೇರೇನೇ.

ಕಿರಣ ಲೆಕ್ಕ ಹಾಕೋದ್ರಲ್ಲಿ ಒಂದು ಕ್ರೂರ ಗಣಿತ ಇದೆ, ನಾಯ್ಸ್ (ಇಮೇಜಲ್ಲಿ ಕಾಣೋ ಕಾಳು ಕಾಳು ಚುಕ್ಕೆ) ಅರ್ಧ ಆಗ್ಬೇಕು ಅಂದ್ರೆ ಸ್ಯಾಂಪಲ್, ಅಂದ್ರೆ ಲೆಕ್ಕ ಹಾಕೋ ಕಿರಣ, ನಾಲ್ಕು ಪಟ್ಟು ಬೇಕು. ಅಂದ್ರೆ 20 ನಿಮಿಷದಲ್ಲಿ ಬಂದ ಇಮೇಜಿನ ನಾಯ್ಸ್ ಅರ್ಧ ಆಗೋಕೆ 80 ನಿಮಿಷ. ಆ ಚುಕ್ಕೆ ಒರೆಸೋ ಡಿನಾಯ್ಸರ್ ಬಂದ್ಮೇಲೆ ಈ ನೋವು ಕಡಿಮೆ ಆಗಿದೆ, ಆದ್ರೆ ಡಿನಾಯ್ಸರ್ ಜಾಸ್ತಿ ಉಜ್ಜಿದ್ರೆ ಗ್ರಾನೈಟಿನ ಚುಕ್ಕೆ, ಪರದೆ ಬಟ್ಟೆಯ ನೇಯ್ಗೆ ಎಲ್ಲ ಮೇಣ ಸವರಿದ ಹಾಗೆ ಆಗ್ಬಿಡತ್ತೆ.

ಒಂಟಿಕೊಪ್ಪಲ್ ಡ್ರಾಫ್ಟ್

ಚೇಂಜು ಅಂತ ಕೇಳ್ಬೇಡಿ ಸಾರ್. ಅಪ್ಪನಿಗೆ ಒಂದು ಇಷ್ಟ, ಮಗನಿಗೆ ಒಂದು, ವಾಸ್ತು ಹೇಳೋರು ಬಂದ್ಮೇಲೆ ಮತ್ತೊಂದು. ಕೊಡೋದು ಬಹುತೇಕ ವಾಟ್ಸಾಪ್ ಇಮೇಜು, ಆಮೇಲೆ ಎಲಿವೇಷನ್ ಒಂದನ್ನ ಎ3ಲಿ ಪ್ರಿಂಟ್ ಹಾಕಿ ಕೊಡ್ತೀವಿ, ಸೈಟಲ್ಲಿ ಮೇಸ್ತ್ರಿ ಗೋಡೆಗೆ ಅಂಟಿಸ್ಕೋತಾರೆ. ವಿಡಿಯೋ ಯಾರೋ ಅಪರೂಪಕ್ಕೆ ಕೇಳ್ತಾರೆ. ಇಂಟೀರಿಯರ್ ವ್ಯೂ ಕೂಡ ಕಮ್ಮಿ.

ನಾಯ್ಸ್ ನಂಜುಂಡ

ನಾನು ಕೊರೋನಾ ಪಕ್ಷ, ಮೊದ್ಲೇ ಹೇಳ್ಬಿಡ್ತೀನಿ. ಇಂಟೀರಿಯರ್‌ಗೆ ಅದರಷ್ಟು ಸಲೀಸು ಯಾವುದೂ ಇಲ್ಲ, ಸೆಟ್ಟಿಂಗ್ ತಡಕಾಡೋದು ಬೇಡ, ಲೈಟ್ ಇಟ್ರೆ ಲೈಟು. ಪ್ರಾಗ್‌ನ ಟೆಕ್ನಿಕಲ್ ಯೂನಿವರ್ಸಿಟಿಲಿ ಸ್ಟೂಡೆಂಟ್ ಒಬ್ಬ 2009ರಲ್ಲಿ ಶುರು ಮಾಡಿದ್ದು ಅದು, 2017ರಲ್ಲಿ ವಿ-ರೇ ಮಾಡೋ ಬಲ್ಗೇರಿಯಾದ ಕೇಯಾಸ್ ಕಂಪನಿ ಕೊಂಡ್ಕೊಳ್ತು. ಅದರ ಲೈಟ್‌ಮಿಕ್ಸ್ ಒಂದೇ ಸಾಕು ನನಗೆ, ರೆಂಡರ್ ಮುಗಿದ್ಮೇಲೆ ಕೋವ್ ಲೈಟ್ ಹಳದಿ ಕಮ್ಮಿ ಮಾಡು, ಪೂಜಾ ರೂಮಿನ ಲೈಟ್ ಜಾಸ್ತಿ ಮಾಡು ಅಂದ್ರೆ ಮತ್ತೆ ರೆಂಡರ್ ಹಾಕದೇ ಸ್ಲೈಡರ್ ಎಳೆದ್ರೆ ಆಯ್ತು. ವಿ-ರೇಗೂ ಆವೃತ್ತಿ 5ರಲ್ಲಿ ಬಂತು ಅದು.

ಆದ್ರೆ ಒಂಟಿಕೊಪ್ಪಲ್ ಅವರೇ, ನಿಮಗೆ ಅದು ಬೇಡ. ಕೊರೋನಾ 3ಡಿಎಸ್ ಮ್ಯಾಕ್ಸ್‌ಗೂ ಸಿನಿಮಾ 4ಡಿಗೂ ಮಾತ್ರ ಇರೋದು. ಸ್ಕೆಚ್‌ಅಪ್ ಬಿಟ್ಟು ಮ್ಯಾಕ್ಸ್‌ಗೆ ಬರಬೇಕು, ಮ್ಯಾಕ್ಸ್ ಬಾಡಿಗೆ ಬೇರೆ ಕಟ್ಬೇಕು. ರೆಂಡರ್ ಪೂರ್ತಿ ಪ್ರೊಸೆಸರ್ ಮೇಲೇ ಓಡತ್ತೆ, ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ ದುಡ್ಡು ಅಲ್ಲಿ ಕೆಲಸಕ್ಕೆ ಬರಲ್ಲ.

ಧಾರವಾಡ ಪೇಢಾ

ನಂದು ಬ್ಲೆಂಡರ್ ರೀ. ಯಾರ್ ಏನರ ಅನ್ರಿ, ಒಂದು ರೂಪಾಯಿ ಬಾಡಿಗಿ ಇಲ್ದ ಸೈಕಲ್ಸ್ ಕೊಡೋ ಇಮೇಜ್ ನೋಡಿ ಬೆಂಗಳೂರಿನ ಬಿಲ್ಡರ್ ಒಬ್ರು ಇದು ವಿ-ರೇ ಅಲ್ಲೇನ್ರಿ ಅಂತ ಕೇಳ್ಯಾರ. ಸೈಕಲ್ಸ್ 2011ರಾಗ ಬಂತು, ಬ್ಲೆಂಡರಿನ ತಕ್ಷಣ ಓಡೋ ಎಂಜಿನ್ ಈವೀ 2019ರಾಗ 2.80 ಆವೃತ್ತಿ ಜೋಡಿ ಬಂತು, ಈವೀದಾಗ ಕ್ಯಾಮರಾ ಕೂಡಿಸಿ ಲೈಟ್ ನೋಡ್ಕೊಂಡು ಆಮ್ಯಾಲೆ ಸೈಕಲ್ಸ್‌ಗೆ ಬದಲಿ ಮಾಡ್ತೇನಿ.

ನಮ್ಮ ಕಡೆ ಕರೆಂಟ್ ಯಾವಾಗ ಹೋಗ್ತೈತೋ ಹೇಳಾಕ ಬರೂದಿಲ್ರಿ. ಅದಕ್ಕ ಒಂದು ಮಾತು, ಯಾವ ಸಾಫ್ಟ್‌ವೇರ್ ಇರ್ಲಿ ವಿಡಿಯೋನ ನೇರ ಎಂಪಿ4 ಆಗಿ ರೆಂಡರ್ ಹಾಕಬ್ಯಾಡ್ರಿ. ಒಂದೊಂದು ಫ್ರೇಮ್ ಪಿಎನ್‌ಜಿ ಆಗಿ ಉಳಿಸ್ರಿ, 640ನೇ ಫ್ರೇಮಿಗೆ ಕರೆಂಟ್ ಹೋದ್ರ 640ರಿಂದ ಮತ್ತ ಶುರು ಮಾಡಬಹುದು. ಎಂಪಿ4 ಇದ್ರ ಇಡೀ ಫೈಲ್ ಹ್ವಾದಂಗ. ವಿ-ರೇ, ಕೊರೋನಾದಾಗ ಸ್ಟಿಲ್ ಇಮೇಜ್ ಅರ್ಧಕ್ಕ ನಿಂತ್ರೂ ಮುಂದುವರಿಸೋ ಸೌಲಭ್ಯ ಐತಿ, ಮದ್ಲ ಆನ್ ಮಾಡಿ ಇಟ್ಟಿರಬೇಕು ಅಷ್ಟ.

ಬಕೆಟ್ ಬಾಬಣ್ಣ

@ಧಾರವಾಡ ಪೇಢಾ, ಬ್ಲೆಂಡರ್ ಬಗ್ಗೆ ನಂಗೂ ಗೌರವ ಇದೆ, ಆದ್ರೆ ಇವರ ಆಫೀಸಿನ ಕಷ್ಟ ಏನು, ಚೇಂಜು. ಸ್ಕೆಚ್‌ಅಪ್‌ನಿಂದ ಎಫ್‌ಬಿಎಕ್ಸ್ ಫೈಲ್ ಮಾಡಿ ಬ್ಲೆಂಡರ್‌ಗೆ ತಂದು ಮೆಟೀರಿಯಲ್ ಎಲ್ಲ ಕೊಟ್ಮೇಲೆ ಕ್ಲೈಂಟು ಕಿಟಕಿ ಆರಿಂಚು ಪಕ್ಕಕ್ಕೆ ಅಂದ್ರೆ? ಸ್ಕೆಚ್‌ಅಪ್‌ನಲ್ಲಿ ಸರಿಸಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಮೆಟೀರಿಯಲ್ ಹೆಸರು ಹೊಂದುತ್ತಾ ನೋಡಿ. ಇಲ್ಲಾ ಬ್ಲೆಂಡರ್‌ನಲ್ಲೇ ಸರಿಸ್ಬಿಟ್ರೆ ಡ್ರಾಯಿಂಗ್ ಒಂದು, ವ್ಯೂ ಒಂದು ಆಗತ್ತೆ, ಮೇಸ್ತ್ರಿ ಎರಡೂ ಹಿಡ್ಕೊಂಡು ಫೋನ್ ಮಾಡ್ತಾನೆ. ವಿ-ರೇ, ಎನ್‌ಸ್ಕೇಪ್ ಎರಡೂ ಸ್ಕೆಚ್‌ಅಪ್ ಒಳಗೇ ಕೂರತ್ತೆ. ಲುಮಿಯನ್, ಡಿ5ಗೆ ಲೈವ್‌ಸಿಂಕ್ ಇದೆ, ಟ್ವಿನ್‌ಮೋಷನ್‌ಗೆ ಡೇಟಾಸ್ಮಿತ್ ಡೈರೆಕ್ಟ್ ಲಿಂಕ್. ಸ್ಕೆಚ್‌ಅಪ್‌ನಲ್ಲಿ ಕಿಟಕಿ ಸರಿಸಿದ್ರೆ ಅಲ್ಲೂ ಸರಿಯತ್ತೆ, ನೀವು ಕೊಟ್ಟ ಮೆಟೀರಿಯಲ್ ಹಾಗೇ ಇರತ್ತೆ.

ಧಾರವಾಡ ಪೇಢಾ

ಇದು ಖರೇ ಐತ್ರಿ. ನಾ ಪೂರ್ತಿ ಮಾಡೆಲಿಂಗೂ ಬ್ಲೆಂಡರ್‌ದಾಗ ಮಾಡೂದ್ರಿಂದ ನಂಗ ಆ ತ್ರಾಸ ಇಲ್ಲ. ಸ್ಕೆಚ್‌ಅಪ್‌ದಾಗ ದಿನಾ ಗುದ್ದಾಡೋ ಆಫೀಸಿಗೆ ಮದ್ಲನೇ ವರ್ಷ ಬ್ಲೆಂಡರ್ ಅನ್ನಾಕ ನಂಗೂ ಧೈರ್ಯ ಸಾಲೂದಿಲ್ಲ. ಆ ಹುಡುಗಿಗೆ ಮಾತ್ರ ಕಲೀಬ್ಯಾಡ ಅನಬ್ಯಾಡ್ರಿ.

ದೇರಾ ಕನ್ನಡಿಗ

ದುಬೈನಿಂದ. ಇಲ್ಲಿ ದೊಡ್ಡ ಆಫೀಸಲ್ಲಿ ಕೆಲಸ, ಊರು ಹಾಸನ. ವಿಡಿಯೋ ಯಾರಾದ್ರೂ ಕೇಳಿದ್ರೆ ಒಂದು ಲೆಕ್ಕ ಹಾಕಿ ಆಮೇಲೆ ಒಪ್ಕೊಳ್ಳಿ. ಒಂದು ನಿಮಿಷದ ವಾಕ್‌ಥ್ರೂ, ಸೆಕೆಂಡಿಗೆ 30 ಫ್ರೇಮು, ಅಂದ್ರೆ 1800 ಇಮೇಜು. ಒಂದು ಫ್ರೇಮಿಗೆ ಐದೇ ನಿಮಿಷ ಅಂದ್ರೂ 150 ಗಂಟೆ, ಆರು ದಿನ ಮಶೀನು ಮುಟ್ಟೋ ಹಾಗಿಲ್ಲ. ಅದೇ ಫ್ರೇಮು ಹತ್ತು ಸೆಕೆಂಡಲ್ಲಿ ಬಂದ್ರೆ ಐದು ಗಂಟೆ, ಸಂಜೆ ಹಾಕಿ ಹೋಗಿ ಬೆಳಿಗ್ಗೆ ಬಂದು ನೋಡ್ಬಹುದು. ಲುಮಿಯನ್ 2010ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದಾಗ ಆರ್ಕಿಟೆಕ್ಟ್‌ಗಳು ಮುಗಿಬಿದ್ದಿದ್ದು ಇದಕ್ಕೇ. ಮರ ಹಾಕು, ಜನ ಹಾಕು, ಮೋಡ ಹಾಕು, ವಿಡಿಯೋ ತೆಗಿ.

ಪ್ರಿಂಟ್ ಲೆಕ್ಕಾನೂ ಹೇಳ್ತೀನಿ. ಎ3ಗೆ ಇಂಚಿಗೆ 300 ಚುಕ್ಕಿ ಅಂದ್ರೆ 4961x3508, ಫುಲ್ ಎಚ್‌ಡಿಯ ಎಂಟು ಪಟ್ಟಿಗಿಂತ ಜಾಸ್ತಿ ಪಿಕ್ಸೆಲ್. ಮೇಸ್ತ್ರಿ ಗೋಡೆಗೆ ಅಂಟಿಸ್ಕೊಳ್ಳೋ ಎಲಿವೇಷನ್‌ಗೆ ಅಷ್ಟೆಲ್ಲ ಬೇಡ, 150 ಸಾಕು, ಕಾಲು ಭಾಗ ಟೈಮಲ್ಲಿ ಆಗತ್ತೆ. ಹೋರ್ಡಿಂಗ್‌ಗೆ ಇನ್ನೂ ತಮಾಷೆ, 20 ಅಡಿ ಅಗಲಕ್ಕೆ ಇಂಚಿಗೆ 30 ಅಂದ್ರೂ 7200 ಪಿಕ್ಸೆಲ್ ಆಯ್ತು, ರಸ್ತೇಲಿ ಹೋಗೋರು ಅದನ್ನ ಮೂತಿ ಹತ್ರ ಇಟ್ಟು ನೋಡಲ್ವಲ್ಲ.

ಕೆಂಪುಕಲ್ಲು

ಮಂಗಳೂರು ಕಡೆಯವ ನಾನು. ಎಲ್ಲರೂ ಸ್ಪೀಡು, ನಾಯ್ಸು ಅಂತ ಹೇಳ್ತಾ ಇದ್ದೀರಿ, ಲೈಬ್ರರಿ ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೆ. ರೆಡಿಮೇಡ್ ಲೈಬ್ರರಿ ಉಂಟಲ್ಲ, ಅದರಲ್ಲಿ ಮೇಪಲ್ ಉಂಟು, ಬರ್ಚ್ ಉಂಟು, ಓಕ್ ಅಂತೂ ಹತ್ತು ತರದ್ದು. ಹೊಂಗೆ ಮರ ಹುಡುಕಿ ನೋಡುವಾ. ಹಲಸು? ಕಂಗು, ಅಂದರೆ ಅಡಿಕೆ ಮರ? ಉಡುಪಿಯ ಮನೆ ಅಂಗಳದಲ್ಲಿ ಬರ್ಚ್ ಮರ ನಿಲ್ಲಿಸಿದ ವ್ಯೂ ನೋಡಿ ಕ್ಲೈಂಟಿನ ಅಮ್ಮ ಇದೆಂತ ಮರ, ಬೂದಿ ಬಳಿದದ್ದಾ ಅಂತ ಕೇಳಿದ್ರು. ತೆಂಗಿನ ಮರ ಸಿಗ್ತದೆ, ಆದ್ರೆ ಬೀಚ್ ರೆಸಾರ್ಟಿನ ಬಗ್ಗಿದ ತೆಂಗು, ನಮ್ಮ ತೋಟದ ನೆಟ್ಟಗಿನ ತೆಂಗು ಅಲ್ಲ. ಮಳೆಮರ, ಗುಲ್‌ಮೊಹರ್, ಬಾಳೆ, ದಾಸವಾಳ ಇದ್ದರೆ ಬೆಂಗಳೂರು ಮೈಸೂರಿನವರಿಗೆ ಹೇಗೂ ನಡೀತದೆ.

ಮೆಟೀರಿಯಲ್ಲೂ ಹಾಗೇ. ಕೆಂಪುಕಲ್ಲು ಅಂತ ಹುಡುಕಿದರೆ ಇಟ್ಟಿಗೆ ಬರ್ತದೆ. ನಾನು ಮಾಡುದು ಹೀಗೆ: ಮೋಡ ಇರುವ ದಿನ, ನೆರಳು ಬೀಳದ ಹೊತ್ತಿಗೆ, ಗಾರೆ ಮಾಡದ ಹಳೇ ಗೋಡೆಯ ಎದುರು ನೇರ ನಿಂತು ಫೋಟೋ ತೆಗೆಯುದು, ಜೂಮ್ ಸ್ವಲ್ಪ ಹಾಕಿ, ಇಲ್ಲದಿದ್ರೆ ಅಂಚು ಬಾಗ್ತದೆ. ಮೂಲೆಯಲ್ಲಿ ಒಂದು ಬೂದು ಬಣ್ಣದ ಕಾರ್ಡ್ ಇಟ್ಟುಕೊಳ್ಳುದು, ಆಮೇಲೆ ವೈಟ್ ಬ್ಯಾಲೆನ್ಸ್ ಸರಿ ಮಾಡ್ಲಿಕ್ಕೆ. ಎಷ್ಟು ಕಲ್ಲು ಫೋಟೋದಲ್ಲಿ ಬಂತು, ಒಂದು ಕಲ್ಲು ಎಷ್ಟು ಉದ್ದ ಅಂತ ಟೇಪ್ ಹಿಡಿದು ಬರೆದಿಡುದು, ಅದಿಲ್ಲದಿದ್ರೆ ಸ್ಕೇಲ್ ತಪ್ಪಿ ಮನೆ ಬೊಂಬೆ ಮನೆ ಹಾಗೆ ಕಾಣ್ತದೆ. ಜಿಂಪ್ ಅನ್ನುವ ಫೋಟೋ ಸಾಫ್ಟ್‌ವೇರ್‌ನಲ್ಲಿ ಅಂಚು ಕೂಡಿಸಿ ಟೈಲ್ ಆಗುವ ಹಾಗೆ ಮಾಡುದು. ಸಾದರಹಳ್ಳಿ ಕಲ್ಲು, ರೆಡ್ ಆಕ್ಸೈಡ್ ನೆಲ, ಮಂಗಳೂರು ಹಂಚು ಎಲ್ಲ ಹೀಗೇ ಮಾಡಿ ಇಟ್ಟಿದ್ದೇನೆ. ಬೇರೆ ಸಾಮಾನ್ಯ ಮೆಟೀರಿಯಲ್‌ಗೆ ಪಾಲಿ ಹೇವನ್, ಆ್ಯಂಬಿಯಂಟ್‌ಸಿಜಿ ಎರಡೂ ವೆಬ್‌ಸೈಟ್ ಪುಕ್ಕಟೆ, ಹಕ್ಕಿನ ಗಲಾಟೆ ಕೂಡ ಇಲ್ಲ.

ನಿಮ್ಮ ಸ್ವಂತ ಟೆಕ್ಸ್ಚರು, ಸ್ವಂತ ಮರ ಒಳಗೆ ತರ್ಲಿಕ್ಕೆ ಸುಲಭ ಆಗುವ ಸಾಫ್ಟ್‌ವೇರ್ ತೆಕ್ಕೊಳ್ಳಿ. ಡೆಮೋ ಇಮೇಜ್ ನೋಡಿ ಮರುಳಾಗ್ಬೇಡಿ, ಅದೆಲ್ಲ ನಾರ್ವೆಯ ಕಾಡಿನ ಮನೆ.

ಕಾರ್ಪೆಂಟರ್ ಕಣ್ಣು

ಮೇಲಿನವರು ಹೇಳಿದ್ದಕ್ಕೆ ನೂರು ಲೈಕು. ನಾನು ಇಂಟೀರಿಯರ್ ಮಾಡೋಳು, ಬೆಂಗಳೂರು, ವಿ-ರೇ ಸ್ಕೆಚ್‌ಅಪ್. ನಮ್ಮ ತಲೆನೋವು ಬಣ್ಣ. ವ್ಯೂನಲ್ಲಿ ತೋರ್ಸಿದ್ದ ಲ್ಯಾಮಿನೇಟ್ ಇದಲ್ಲ ಅಂತ ಜಗಳ ಮಾಡ್ಕೊಂಡು ವಾರ್ಡ್‌ರೋಬ್ ಶಟರ್ ವಾಪಸ್ ಕಳ್ಸೋ ಜನ ಇದ್ದಾರೆ.

ಇದು ಸಾಫ್ಟ್‌ವೇರ್ ತಪ್ಪು ಅಂತ ಸುಮಾರು ಜನ ಅಂದ್ಕೋತಾರೆ. ರೆಂಡರ್ ಲೆಕ್ಕ ಮುಗಿಸಿದ್ಮೇಲೆ ಆ ಬೆಳಕನ್ನ ಪರದೆ ಮೇಲೆ ತೋರ್ಸೋಕೆ ಒಂದು ಟೋನ್ ಮ್ಯಾಪ್ ಹಾಕತ್ತೆ, ಜಾಸ್ತಿ ಬೆಳಕಿರೋ ಕಡೆ ಬಣ್ಣ ತೊಳೆದ ಹಾಗೆ ಮಾಡತ್ತೆ, ಕ್ಯಾಮರಾ ಮಾಡೋ ಹಾಗೇ. ಬ್ಲೆಂಡರ್‌ನಲ್ಲಿ ಆವೃತ್ತಿ 4ರಿಂದ ಎಜಿಎಕ್ಸ್ ಅನ್ನೋ ಟೋನ್ ಮ್ಯಾಪ್ ತಾನಾಗೇ ಆನ್ ಇರತ್ತೆ, ಕಡು ಕೆಂಪು ಗೋಡೆ ಕೊಟ್ರೆ ಮಂಕಾಗಿ ಕಾಣತ್ತೆ. ಬಣ್ಣದ ಕಂಪನಿ ಶೇಡ್ ಕಾರ್ಡ್‌ನಿಂದ ಆರ್‌ಜಿಬಿ ನಂಬರ್ ತಂದು ಹಾಕಿದ್ರೂ ಹಾಲಲ್ಲಿ ವಾರ್ಮ್ ಲೈಟ್ ಇದ್ರೆ ಅದು ಹಳದಿಗೇ ತಿರುಗೋದು, ನಿಜವಾದ ಮನೇಲೂ ತಿರುಗತ್ತೆ.

ಇನ್ನೊಂದು, ಬಿಳಿ ಗೋಡೆಗೆ ಆರ್‌ಜಿಬಿ ಮೂರೂ 255, ಅಂದ್ರೆ ಪೂರ್ತಿ ಬಿಳಿ, ಇಡಬೇಡಿ ದಯವಿಟ್ಟು. ಬಿಳಿ ಬಣ್ಣ ಬಳಿದ ಗೋಡೆ ಬಂದ ಬೆಳಕಲ್ಲಿ ನೂರಕ್ಕೆ ಸುಮಾರು 80ರಷ್ಟನ್ನ ವಾಪಸ್ ಎಸೆಯತ್ತೆ, ನೂರಕ್ಕೆ ನೂರಲ್ಲ. 255 ಇಟ್ರೆ ಬೆಳಕು ರೂಮಲ್ಲಿ ಸುತ್ತಿ ಸುತ್ತಿ ಸಾಯದೇ ಇರತ್ತೆ, ಮೂಲೆಗಳ ನೆರಳೇ ಹೋಗ್ಬಿಡತ್ತೆ, ರೆಂಡರ್ ಟೈಮೂ ಜಾಸ್ತಿ. ನಾನು ಲ್ಯಾಮಿನೇಟ್ ಸ್ಯಾಂಪಲ್ ತುಂಡನ್ನ ವ್ಯೂ ಜೊತೆಗೇ ಕೊಡ್ತೀನಿ, ಪೀಸ್ ಹಿಂದೆ ಕೋಡ್ ನಂಬರ್ ಬರೆದು ಕ್ಲೈಂಟ್ ಸೈನ್ ಹಾಕಿಸ್ಕೊಂಡು. ಯಾವ ರೆಂಡರರ್ ಆದ್ರೂ ಇದು ತಪ್ಪಲ್ಲ.

ಮನೆ ಕಟ್ತಿರೋನು

ನಾನು ಆರ್ಕಿಟೆಕ್ಟ್ ಅಲ್ಲ, ನಿಮ್ಮಂಥೋರ ಕ್ಲೈಂಟು. ಒಂದು ಮಾತು ಹೇಳ್ಲಾ? ನಮ್ಗೆ ವ್ಯೂ ಕೊಟ್ರು, ಲಿವಿಂಗ್ ರೂಮಲ್ಲಿ ಬಿಸಿಲು ಎಷ್ಟು ಚೆಂದ ಬೀಳ್ತಿತ್ತು ಗೊತ್ತಾ, ಕಿಟಕಿಯಿಂದ ಸೋಫಾ ತನಕ. ಆಮೇಲೆ ದಿಕ್ಸೂಚಿ ಹಿಡಿದು ನೋಡಿದ್ರೆ ಆ ಕಿಟಕಿ ಉತ್ತರಕ್ಕೆ. ಡಿಸೆಂಬರ್ ಅಂತ ಬೇರೆ ಬರೆದಿದ್ರು ಕೆಳಗೆ.

ಬಕೆಟ್ ಬಾಬಣ್ಣ

ಹಹಹ. ಇದು ಬಹಳ ಆಫೀಸಲ್ಲಿ ನಡೆಯೋದೇ. ಸೂರ್ಯನ್ನ ಬೇಕಾದ ಕಡೆ ಎಳೆದು ಬಿಡ್ತಾರೆ, ಚೆಂದ ಕಾಣ್ಲಿ ಅಂತ. ನಮ್ಮ ಊರಿನ ಸೂರ್ಯನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಸಾಫ್ಟ್‌ವೇರ್ ಟ್ರಯಲ್ ಹಾಕ್ದಾಗ ಇದನ್ನೇ ಟೆಸ್ಟ್ ಮಾಡಿ.

ಮೈಸೂರು ಇರೋದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಯುರೋಪಿನೋರಿಗೆ ಸೂರ್ಯ ಯಾವಾಗ್ಲೂ ದಕ್ಷಿಣಕ್ಕೆ, ನಮಗೆ ಹಾಗಲ್ಲ, ಏಪ್ರಿಲ್ ಕೊನೇ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರ್ತಾನೆ. ಜೂನ್ 21ಕ್ಕೆ ಉತ್ತರದಿಂದ ಸುಮಾರು 79 ಡಿಗ್ರಿ ಎತ್ತರ, ಡಿಸೆಂಬರ್ 21ಕ್ಕೆ ದಕ್ಷಿಣದಿಂದ 54 ಡಿಗ್ರಿ. ಅದೂ ಗಡಿಯಾರದ 12ಕ್ಕಲ್ಲ, ನಮ್ಮ ಟೈಮು 82.5 ಡಿಗ್ರಿ ರೇಖಾಂಶದ್ದು, ಮೈಸೂರು ಅದರ ಪಶ್ಚಿಮಕ್ಕಿದೆ, ಹಾಗಾಗಿ ಈ ಎರಡು ದಿನ 12:20 ದಾಟಿದ್ಮೇಲೆ ನಡುಮಧ್ಯಾಹ್ನ.

ಈಗ ಟೆಸ್ಟು. ದಕ್ಷಿಣ ಗೋಡೆಗೆ 600 ಎಂಎಂ ಸಜ್ಜಾ, ಅದರ ಕೆಳಗೇ 1200 ಎತ್ತರದ ಕಿಟಕಿ ಇರೋ ಒಂದು ಡಬ್ಬ ಮಾಡೆಲ್ ಮಾಡಿ. ಲೊಕೇಶನ್ ಮೈಸೂರು, ಟೈಮ್ ಜೋನ್ 5:30, ಡಿಸೆಂಬರ್ 21, ಮಧ್ಯಾಹ್ನ 12:20. ನೆರಳು ಸಜ್ಜಾದಿಂದ ಸುಮಾರು 835 ಎಂಎಂ ಕೆಳಗೆ ಬೀಳ್ಬೇಕು, ಕಿಟಕಿಯ ಕೆಳಗಿನ ಒಂದಡಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಬಿಸಿಲು. ಬೇರೆ ಏನಾದ್ರೂ ಬಂದ್ರೆ ನಾರ್ತ್ ತಪ್ಪಿದೆ ಅಂತ ಅರ್ಥ. ಸ್ಕೆಚ್‌ಅಪ್‌ನಲ್ಲಿ ಹಸಿರು ಆಕ್ಸಿಸ್ಸೇ ಉತ್ತರ ಅಂತ ಇಟ್ಕೊಂಡಿರತ್ತೆ, ನಾವು ಸೈಟ್ ಓರೆ ಇದ್ರೂ ಗೋಡೆ ನೆಟ್ಟಗೆ ಬರ್ಲಿ ಅಂತ ತಿರುಗಿಸಿ ಬರೀತೀವಿ, ಸೋಲಾರ್ ನಾರ್ತ್ ಸೆಟ್ ಮಾಡದೇ ಬಿಡ್ತೀವಿ. ಆ ತಪ್ಪು ಲಿಂಕ್ ಮೂಲಕ ರೆಂಡರರ್‌ಗೂ ಹೋಗತ್ತೆ.

ಜೂನ್‌ನಲ್ಲಿ ಉತ್ತರದ ಕಿಟಕಿಗೆ ಮಧ್ಯಾಹ್ನ ಬಿಸಿಲು ಬರಲ್ಲ, ಸಜ್ಜಾನೇ ತಡೆಯತ್ತೆ, ಆದ್ರೆ ಬೆಳಿಗ್ಗೆ ಸಂಜೆ ಓರೆಯಾಗಿ ಬರತ್ತೆ. @ಮನೆ ಕಟ್ತಿರೋನು, ನಿಮ್ಮ ಸೋಫಾಗೆ ಬಿಸಿಲು ಬೇಕಾದ್ರೆ ಜೂನ್ ತನಕ ಕಾಯ್ಬೇಕು, ಅಷ್ಟೊತ್ತಿಗೆ ಮಳೆ.

ಮನೆ ಕಟ್ತಿರೋನು

ಸೋಫಾನೇ ಬೇರೆ ಕಡೆ ಹಾಕ್ತೀನಿ ಬಿಡಿ.

ಹೆಬ್ಬಾಳ ಫ್ಲೈಓವರ್

ವ್ಯೂನಲ್ಲಿ ತೋರ್ಸೋ ಬಿಸಿಲಿಗೂ ಉದ್ಯಾನಕ್ಕೂ ಕಾನೂನೂ ಇದೆ ಅನ್ನೋದು ನೆನಪಿರ್ಲಿ. ಅಪಾರ್ಟ್‌ಮೆಂಟ್ ಬಿಲ್ಡರ್‌ಗೆ ಬ್ರೋಷರ್ ವ್ಯೂ ಮಾಡೋರು ನಾವು. 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತಲ್ಲೋ ಮಾಡೆಲ್ ಫ್ಲ್ಯಾಟಲ್ಲೋ ಸುಳ್ಳು ತೋರಿಸಿದ್ದನ್ನ ನಂಬಿ ಅಡ್ವಾನ್ಸ್ ಕೊಟ್ಟು ನಷ್ಟ ಆದೋರು ಪ್ರೊಮೋಟರ್ ಹತ್ರ ಪರಿಹಾರ ಕೇಳ್ಬಹುದು. ಮೂಲೇಲಿ ಸಣ್ಣಕ್ಷರದಲ್ಲಿ ಕಲಾವಿದರ ಕಲ್ಪನೆ ಅಂತ ಹಾಕಿದ್ರೆ ಎಲ್ಲ ಮಾಫ್ ಅಂತ ಮಾರ್ಕೆಟಿಂಗ್‌ನೋರು ಅಂದ್ಕೊಂಡಿದ್ದಾರೆ. ಪಕ್ಕದ ಸೈಟಿನ ಟ್ರಾನ್ಸ್‌ಫಾರ್ಮರ್ ತೆಗೆದು ಕೆರೆ ಹಾಕಿ ಅಂತ ನಮಗೆ ಹೇಳಿದ್ದೂ ಉಂಟು. ಬರೆದು ಮೇಲ್ ಕಳ್ಸಿ ಅಂದೆ, ಮೇಲ್ ಬರ್ಲೇ ಇಲ್ಲ.

ರ‍್ಯಾಮ್ ರಾಜಣ್ಣ

ಮಶೀನ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇವರ ನಿರ್ಧಾರ ಅರ್ಧ ಅಲ್ಲೇ ಆಗೋಗತ್ತೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕಂಪ್ಯೂಟರ್ ಅಂಗಡಿಯೋನು ಕಾರ್ಡಿನ ನಂಬರ್ ದೊಡ್ಡದಿದ್ರೆ ಜಾಸ್ತಿ ಒಳ್ಳೇದು ಅಂತಾನೆ, ನೀವು ಕೇಳ್ಬೇಕಾಗಿರೋದು ಕಾರ್ಡಲ್ಲಿ ಮೆಮೊರಿ ಎಷ್ಟು ಅಂತ. ಆರ್‌ಟಿಎಕ್ಸ್ 3060ಗೆ 12 ಜಿಬಿ ಕೊಟ್ಟಿದ್ರು, ಅದಾದ್ಮೇಲೆ ಬಂದ 4060ಗೆ 8 ಜಿಬಿ. ಗೇಮ್ ಆಡೋರಿಗೆ 4060 ಒಳ್ಳೇದೇ, ಸೀನು ತುಂಬ್ಕೊಳ್ಳೋ ನಮ್ಮಂಥೋರಿಗೆ ಹಳೇದೇ ಬೆಟರು.

ಯಾಕೆ ಅಂದ್ರೆ ಒಂದು 4ಕೆ ಟೆಕ್ಸ್ಚರ್, 4096x4096, ಒಂದು ಪಿಕ್ಸೆಲ್‌ಗೆ 4 ಬೈಟು, ಕಂಪ್ರೆಸ್ ಮಾಡದೇ ಇದ್ರೆ 64 ಎಂಬಿ. ಫೈಲು ಡಿಸ್ಕಲ್ಲಿ 5 ಎಂಬಿ ಜೆಪಿಜಿ ಇರ್ಬಹುದು, ಮೆಮೊರಿಗೆ ಬಂದಾಗ 64. ಒಂದು ಮೆಟೀರಿಯಲ್‌ಗೆ ಬಣ್ಣ, ಒರಟುತನ, ನಾರ್ಮಲ್, ಡಿಸ್‌ಪ್ಲೇಸ್‌ಮೆಂಟ್ ಅಂತ ನಾಲ್ಕು ಮ್ಯಾಪ್ ಹಾಕಿದ್ರೆ 256 ಎಂಬಿ. 8ಕೆ ಹಾಕಿದ್ರೆ ಒಂದೊಂದೇ 256. ಇಪ್ಪತ್ತು ಮೆಟೀರಿಯಲ್, ಮೇಲೆ ಹುಲ್ಲು, ಮರ. ನಿಮ್ಮ 1650ರ 4 ಜಿಬಿ ಗೇಟಲ್ಲೇ ನಿಂತೋಗತ್ತೆ. ಎರಡು ಕಾರ್ಡ್ ಹಾಕಿದ್ರೆ ಮೆಮೊರಿ ಕೂಡತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, 40 ಸೀರೀಸಿನ ಕಾರ್ಡಲ್ಲಿ ಕಾರ್ಡ್ ಜೋಡಿಸೋ ಎನ್‌ವಿಲಿಂಕೇ ಇಲ್ಲ.

ಹಾಗಾಗಿ 16 ಜಿಬಿ ಇರೋ ಕಾರ್ಡ್ ಒಂದು, 4060 ಟಿಐ ಅಥವಾ 5060 ಟಿಐ, ಎರಡರಲ್ಲೂ 8ರದ್ದೂ ಬರತ್ತೆ ಡಬ್ಬಿ ನೋಡಿ ತಗೊಳ್ಳಿ. ಸಿಸ್ಟಮ್ ರ‍್ಯಾಮ್ 64 ಆದ್ರೆ ಒಳ್ಳೇದು. ಮ್ಯಾಕ್‌ಬುಕ್‌ಗೆ ಲುಮಿಯನ್ ಪ್ರೊ, ಡಿ5 ಇಲ್ಲ, ವಿಂಡೋಸ್ ಮಾತ್ರ. ಟ್ವಿನ್‌ಮೋಷನ್, ಎನ್‌ಸ್ಕೇಪ್, ಬ್ಲೆಂಡರ್ ಮ್ಯಾಕಲ್ಲೂ ಓಡತ್ತೆ.

ಕೂಲಿಂಗ್ ಪೇಸ್ಟ್

ಇಷ್ಟೆಲ್ಲಾ ಯಾಕೆ, ಕ್ರ್ಯಾಕ್ ಹಾಕಿ ಎಲ್ಲಾ ಟ್ರೈ ಮಾಡಿ ಯಾವುದು ಸರಿಹೋಗತ್ತೋ ಅದು. ಊರೆಲ್ಲ ಮಾಡ್ತಿಲ್ವಾ.

ನಾಯ್ಸ್ ನಂಜುಂಡ

@ಕೂಲಿಂಗ್ ಪೇಸ್ಟ್ ಊರೆಲ್ಲ ಮಾಡತ್ತೆ, ಸರಿ. ಆದ್ರೆ ಟ್ರೈ ಮಾಡೋಕೆ ಕ್ರ್ಯಾಕ್ ಯಾಕೆ ಬೇಕು, ವಿ-ರೇ ಫ್ರೀ ಟ್ರಯಲ್ ಕೊಡತ್ತೆ. ಆಫೀಸ್ ಹೆಸರಲ್ಲಿ ಜಿಎಸ್‌ಟಿ ಬಿಲ್ ಹಾಕೋ ಜನ ಕಳ್ಳ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದ್ರೆ ಒಂದು ನೋಟಿಸ್ ಸಾಕು. ಮ್ಯಾಕ್ಸ್ ಬಳಸೋರಿಗೆ ಇನ್ನೊಂದು, ಎಲ್ಲೆಲ್ಲಿಂದಲೋ ಇಳಿಸಿದ ಫ್ರೀ ಸೋಫಾ ಮಾಡೆಲ್ ಜೊತೆ ಎಎಲ್‌ಸಿ, ಸಿಆರ್‌ಪಿ ಅಂತ ಸ್ಕ್ರಿಪ್ಟ್ ಹುಳ ಬರತ್ತೆ, ನೀವು ತೆರೆಯೋ ಪ್ರತಿ ಫೈಲಿಗೂ ಅಂಟ್ಕೋತದೆ, ಲೈಟು ಕ್ಯಾಮರಾ ಮಾಯ ಮಾಡತ್ತೆ. ಇದನ್ನ ಹಿಡಿಯೋಕೇ ಆಟೋಡೆಸ್ಕ್ ಸೀನ್ ಸೆಕ್ಯೂರಿಟಿ ಟೂಲ್ ಅಂತ ಕೊಟ್ಟಿದೆ, ಹಾಕ್ಕೊಳ್ಳಿ.

ಹೊಸಬ 2ನೇ ಸೆಮ್

ಸಾರ್ ಎಐನಲ್ಲಿ ಸ್ಕೆಚ್‌ಅಪ್ ಸ್ಕ್ರೀನ್‌ಶಾಟ್ ಹಾಕಿದ್ರೆ ಹತ್ತು ಸೆಕೆಂಡಲ್ಲಿ ರೆಂಡರ್ ಬರತ್ತೆ, ಇವೆಲ್ಲ ಇನ್ನು ಬೇಕಾ?

ಕಾರ್ಪೆಂಟರ್ ಕಣ್ಣು

@ಹೊಸಬ ಮೊದಲ ಮೀಟಿಂಗಲ್ಲಿ ಮೂಡ್ ತೋರ್ಸೋಕೆ ನಾನೂ ಬಳಸ್ತೀನಿ, ತಪ್ಪೇನಿಲ್ಲ. ಆದ್ರೆ ಅದು ಬಂದ ಇಮೇಜಲ್ಲಿ ಕಿಟಕಿ ಶಟರ್ ಎಣಿಸಿ ನೋಡು. ಮೂರು ಕೊಟ್ಟಿದ್ರೆ ನಾಲ್ಕಾಗಿರತ್ತೆ. ಜಾಲಿ ಡಿಸೈನ್ ತನ್ನದೇ ಹಾಕಿರತ್ತೆ, ಮೆಟ್ಟಿಲು ಗೋಡೆ ಒಳಗೆ ಹೋಗಿರತ್ತೆ. ಕ್ಲೈಂಟು ಅದನ್ನೇ ಬೇಕು ಅಂದ್ರೆ ಫ್ಯಾಬ್ರಿಕೇಟರ್‌ಗೆ ಡ್ರಾಯಿಂಗ್ ಯಾರು ಕೊಡೋದು?

ದೇರಾ ಕನ್ನಡಿಗ

ದುಡ್ಡಿನ ವಿಷಯ ನಾನೇ ಹೇಳ್ತೀನಿ. ಟ್ವಿನ್‌ಮೋಷನ್ 2019ರಲ್ಲಿ ಎಪಿಕ್ ಗೇಮ್ಸ್ ಕೈಗೆ ಬಂತು, ಒಳಗೆ ಓಡೋದು ಅನ್‌ರಿಯಲ್ ಎಂಜಿನ್. 2024ರಿಂದ ಅವರ ನಿಯಮ ಏನಂದ್ರೆ ವರ್ಷದ ಆದಾಯ 10 ಲಕ್ಷ ಡಾಲರ್ ಒಳಗಿದ್ರೆ ಫ್ರೀ, ಕಮರ್ಷಿಯಲ್ ಕೆಲಸಕ್ಕೂ. ಅದರ ಮೇಲಿದ್ರೆ ಒಂದು ಸೀಟಿಗೆ ವರ್ಷಕ್ಕೆ 445 ಡಾಲರ್ ಅಂತ ಇಟ್ಟಿದ್ರು. 10 ಲಕ್ಷ ಡಾಲರ್ ಅಂದ್ರೆ ಎಂಟು ಕೋಟಿ ರೂಪಾಯಿ ಮೇಲಾಯ್ತು, ಮೈಸೂರಿನ ಮೂರು ಜನರ ಆಫೀಸು ಅಲ್ಲೀತನಕ ಹೋದ್ರೆ ಸಂತೋಷದಿಂದ ಕಟ್ಲಿ. ಡಿ5 ನಾನ್‌ಜಿಂಗ್ ಕಂಪನಿದು, ಫ್ರೀ ಆವೃತ್ತಿ ಇದೆ, ಲೈಬ್ರರಿಯಲ್ಲಿ ಬಹಳಷ್ಟು ದುಡ್ಡು ಕಟ್ಟಿದೋರಿಗೆ ಮಾತ್ರ ತೆರೆಯತ್ತೆ. ಲುಮಿಯನ್‌ಗೆ ವರ್ಷದ ಬಾಡಿಗೆ ಜೋರಾಗೇ ಇದೆ, ನಿಮ್ಮ ವಿಡಿಯೋ ಕೆಲಸ ಅಪರೂಪ ಅಂದ್ಮೇಲೆ ಅದು ಸುಮ್ನೆ ಕೂತಿರತ್ತೆ.

ಕೆಂಪುಕಲ್ಲು

ಟ್ವಿನ್‌ಮೋಷನ್ ಆದರೆ ನಮ್ಮ ಸ್ವಂತ ಟೆಕ್ಸ್ಚರ್ ಎಳೆದು ಹಾಕ್ಲಿಕ್ಕೆ ಬರ್ತದೆ, ಅಳತೆ ಕೊಡ್ಲಿಕ್ಕೂ ಬರ್ತದೆ. ನಾನು ಅದರಲ್ಲಿ ಹಂಚಿನ ಮಾಡು (ಛಾವಣಿ) ಮಾಡಿದ್ದೇನೆ. ಹಂಚನ್ನು ಟೆಕ್ಸ್ಚರ್ ಆಗಿ ಅಂಟಿಸ್ಬೇಡಿ, ಚಪ್ಪಟೆ ಕಾಣ್ತದೆ, ಒಂದು ಹಂಚು ಮಾಡೆಲ್ ಮಾಡಿ ಕಾಂಪೊನೆಂಟ್ ಆಗಿ ಸಾಲು ಹಾಕಿ, ನಾಲ್ಕೈದು ಹಂಚಿನ ಬಣ್ಣ ಸ್ವಲ್ಪ ಪಾಚಿ ಕಡೆಗೆ ಇಡಿ.

ಒಂಟಿಕೊಪ್ಪಲ್ ಡ್ರಾಫ್ಟ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ. ವಾರದಿಂದ ಓದಿ ಆಫೀಸಲ್ಲಿ ಕೂತು ಮಾತಾಡಿದ್ವಿ. 16 ಜಿಬಿ ಕಾರ್ಡಿನ ಮಶೀನು ಆರ್ಡರ್ ಮಾಡಿದೀವಿ, ರ‍್ಯಾಮ್ ಸದ್ಯಕ್ಕೆ 32, ಬಜೆಟ್ ಮುಟ್ತು. ಎಲಿವೇಷನ್ನು, ಹೊರಗಿನ ವ್ಯೂಗೆ ಟ್ವಿನ್‌ಮೋಷನ್. ಮ್ಯಾಕ್‌ಬುಕ್‌ನೋರೂ ಅದೇ ಫೈಲ್ ತೆರೀಬಹುದು ಅನ್ನೋದು ನಮಗೆ ದೊಡ್ಡ ವಿಷಯ. ಇಂಟೀರಿಯರ್ ಕಮ್ಮಿ ಇರೋದ್ರಿಂದ ಅದನ್ನ ಮೊದಲಿನ ಹಾಗೇ ಹೊರಗೆ ಕೊಡ್ತೀವಿ, ಮುಂದಿನ ವರ್ಷ ಕೆಲಸ ಜಾಸ್ತಿ ಆದ್ರೆ ವಿ-ರೇ ಟ್ರಯಲ್. ಹುಡುಗಿಗೆ ಬ್ಲೆಂಡರ್ ಕಲಿ ಅಂದಿದೀನಿ, ಮೊದಲ ಕೆಲಸ ಹೊಂಗೆ ಮರ ಮಾಡೋದು.

ಬಾಬಣ್ಣ ಸಾರ್ ಹೇಳಿದ ಸಜ್ಜಾ ಟೆಸ್ಟ್ ಹಳೇ ಮಶೀನಲ್ಲೇ ಸ್ಕೆಚ್‌ಅಪ್ ನೆರಳಲ್ಲಿ ಮಾಡ್ದೆ, 835 ಹತ್ರನೇ ಬಂತು. ಆಮೇಲೆ ನಡೀತಿರೋ ಪ್ರಾಜೆಕ್ಟ್ ಫೈಲ್ ತೆರೆದು ನೋಡಿದ್ರೆ ನಾರ್ತ್ 30 ಡಿಗ್ರಿ ಆಚೆ ಇದೆ, ಜೂನಿಯರ್ ಕೈಲಿ ಎಲ್ಲಾ ಫೈಲೂ ಚೆಕ್ ಮಾಡಿಸ್ತಿದೀನಿ.

ಬಕೆಟ್ ಬಾಬಣ್ಣ

ಒಳ್ಳೇ ಆಯ್ಕೆ. ಮಶೀನ್ ಬಂದ ತಕ್ಷಣ ಎನ್ವಿಡಿಯಾದ ಗೇಮ್ ರೆಡಿ ಡ್ರೈವರ್ ಹಾಕ್ಬೇಡಿ, ಸ್ಟುಡಿಯೋ ಡ್ರೈವರ್ ಅಂತ ಬೇರೆ ಇರತ್ತೆ, ಅದು. ಕೆಲಸ ಸರಿಯಾಗಿ ಓಡ್ತಿರೋವಾಗ ಅಪ್‌ಡೇಟ್ ಬಂತು ಅಂತ ಪ್ರಾಜೆಕ್ಟ್ ಮಧ್ಯೆ ಆವೃತ್ತಿ ಬದಲಾಯಿಸ್ಬೇಡಿ, ಹೊಸದ್ರಲ್ಲಿ ಉಳಿಸಿದ ಫೈಲು ಹಳೇದ್ರಲ್ಲಿ ತೆರೆಯಲ್ಲ. ಯುಪಿಎಸ್ ತಗೊಳ್ಳೋವಾಗ ಕಾರ್ಡಿನ ವಾಟೇಜೂ ಕೂಡ್ಸಿ ಲೆಕ್ಕ ಹಾಕಿ, ಅಂಗಡಿಯೋನು ಫ್ರೀ ಕೊಡೋ 600 ವಿಎ ಡಬ್ಬ ಮಾನಿಟರ್‌ಗೆ ಸರಿ.

ಧಾರವಾಡ ಪೇಢಾ

ಹೊಂಗಿ ಮರ ಆದ ಮ್ಯಾಲೆ ಇಲ್ಲೆ ಹಾಕ್ರಿ, ನಂಗೂ ಬೇಕಾಗೇತಿ. ನನ್ನ ಕಡೆ ಬೇವಿನ ಗಿಡ ಐತಿ, ಬದ್ಲಿ ಕೊಡ್ತೇನಿ.